ಕಾಲಜ್ಞಾನದ ಓಲೆ, ನುಡಿಯುವ ಯಂತ್ರ

ಮಧುಗಿರಿಯಿಂದ ಉತ್ತರಾಭಿಮುಖವಾಗಿ ಪಾವಗಡದ ಕಡೆಗೆ ಹೊರಟ ಪಥಿಕನಿಗೆ ಮಿಡಿಗೇಶಿಯ ದುರ್ಗವು ಊರು ಕಾಣುವುದಕ್ಕೆ ಬಹಳ ಮುಂಚೆಯೇ ಕಾಣತೊಡಗುತ್ತದೆ. ಬೋಳುಬಂಡೆಯ ಗುಡ್ಡಗಳು, ಅವುಗಳ ತಪ್ಪಲಿನಲ್ಲಿ ಮಳೆಯನ್ನೇ ನಂಬಿದ ಕಡಲೆಕಾಯಿಯ ಹೊಲಗಳು, ಹುಣಸೆಯ ಮರಗಳು, ನೀರಿಗಿಂತ ಜಾಲಿಯೇ ಹೆಚ್ಚಾಗಿ ತುಂಬಿರುವ ಕೆರೆಯಂಗಳಗಳು: ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವನು ಮೊದಲು ಓದಬೇಕಾದ ಶಾಸನ ಈ ನೆಲವೇ ಆಗಿದೆ. ಹಿಮ್ಮಡಿಯನ್ನು ಮುಟ್ಟುವಷ್ಟು ದೀರ್ಘವಾದ ಕೇಶರಾಶಿಯಿದ್ದ ರಾಣಿಯೊಬ್ಬಳು ಇಲ್ಲಿ ಅಗ್ನಿಪ್ರವೇಶ ಮಾಡಿದಳೆಂದೂ ಊರಿಗೂ ದುರ್ಗಕ್ಕೂ ಅವಳ ಹೆಸರೇ ನಿಂತಿತೆಂದೂ ಜನ ಹೇಳುತ್ತಾರೆ. ನಾನು ಹೇಳಹೊರಟದ್ದು ಆ ಕೋಟೆಯ ವೃತ್ತಾಂತವನ್ನಲ್ಲ. ಆ ಕೋಟೆಯ ನೆರಳಿನಲ್ಲಿಯೂ ಅದರ ಸುತ್ತಣ ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿಯೂ ಕೋಟೆಗಳು ಪಾಳುಬಿದ್ದ ಮೇಲೂ ಅಳಿಯದೆ ಉಳಿದ ಒಂದು ಸಂಪ್ರದಾಯವನ್ನು. ಮುಂದಾಗುವುದನ್ನು ಮಹಾತ್ಮರು ಹೇಳಿಹೋಗಿದ್ದಾರೆಂಬ ನಂಬಿಕೆ, ಮತ್ತು ಯಾವುದೇ ನೂತನ ವಸ್ತುವು ಬಾಗಿಲಿಗೆ ಬಂದು ನಿಂತಾಗ ಅದು ಹಿರಿಯರ ಮಾತಿನೊಳಗೆ ಮೊದಲೇ ಇದ್ದಿತೆಂದು ಸ್ಮರಿಸಿಕೊಳ್ಳುವ ಅಭ್ಯಾಸ, ಇವೆರಡೂ ಕೂಡಿ ಕಾಲಜ್ಞಾನವೆಂಬ ಹೆಸರಿನಲ್ಲಿ ಇಲ್ಲಿ ಶತಮಾನಗಳಿಂದ ಬಾಳಿವೆ. ಈಗ ಮನುಷ್ಯನಂತೆ ಪ್ರಶ್ನೆಗೆ ಉತ್ತರ ಕೊಡುವ, ಪದ್ಯ ಕಟ್ಟುವ, ಲೆಕ್ಕ ಬಿಡಿಸುವ ಕೃತಕ ಬುದ್ಧಿಮತ್ತೆಯೆಂಬ ಯಂತ್ರ ಬಂದಿರಲಾಗಿ, ಇದನ್ನೂ ಪೂರ್ವಿಕರು ಕಂಡಿದ್ದರೆ, ಧರ್ಮಗ್ರಂಥಗಳ ಭವಿಷ್ಯವಾಣಿ ಇದರಲ್ಲಿ ನೆರವೇರಿತೆ ಎಂಬ ಪ್ರಶ್ನೆ ಲೋಕದ ಎಲ್ಲ ಮತಗಳಲ್ಲಿಯೂ ಎದ್ದಿದೆ. ಈ ಪ್ರಶ್ನೆಯನ್ನು ನಮ್ಮ ಸೀಮೆಯ ಹಳೆಯ ಸಂಪ್ರದಾಯದ ಬೆಳಕಿನಲ್ಲಿಟ್ಟು ನೋಡುವುದು ಉಚಿತವೆಂದು ನನಗೆ ತೋರುತ್ತದೆ.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ ಮಧುಗಿರಿಗಳ ನೆಲವನ್ನು ತೋಯಿಸಿ ಉತ್ತರಪಿನಾಕಿನಿಯನ್ನು ಕೂಡುತ್ತದೆ. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ಪಾಪಘ್ನಿಯೂ ಕಡಪದ ಸೀಮೆಯಲ್ಲಿ ಅದೇ ಪಿನಾಕಿನಿಯನ್ನು ಸೇರುತ್ತದೆ. ನೀರು ಹೀಗೆ ಕನ್ನಡದ ನೆಲದಿಂದ ತೆಲುಗಿನ ನೆಲಕ್ಕೆ ಹರಿದರೆ, ಕಾಲಜ್ಞಾನದ ಮಾತು ಬಹುಮಟ್ಟಿಗೆ ಕೆಳಗಿನಿಂದ ಮೇಲಕ್ಕೆ, ತೆಲುಗಿನಿಂದ ಕನ್ನಡಕ್ಕೆ ಬಂದಿತು. ಹದಿನೇಳನೆಯ ಶತಮಾನದವರೆಂದು ಸಂಪ್ರದಾಯವು ಹೇಳುವ ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳು ಬಾಲ್ಯವನ್ನು ಪಾಪಘ್ನಿ ಮಠದಲ್ಲಿ ಕಳೆದು, ಬನಗಾನಪಲ್ಲೆಯಲ್ಲಿ ಗರಿಮಿರೆಡ್ಡಿ ಅಚ್ಚಮ್ಮನ ಮನೆಯ ದನಗಳನ್ನು ಕಾಯುತ್ತ ರವ್ವಲಕೊಂಡದ ಗುಹೆಯಲ್ಲಿ ಕುಳಿತು ತಾಳೆಗರಿಯ ಮೇಲೆ ಕಾಲಜ್ಞಾನವನ್ನು ಬರೆದರೆಂದೂ, ಕಡೆಗೆ ಕಂದಿಮಲ್ಲಯಪಲ್ಲೆಯಲ್ಲಿ ಜೀವಸಮಾಧಿಯನ್ನು ಹೊಂದಿದರೆಂದೂ ಪ್ರತೀತಿಯಿದೆ. ಅವರ ಶಿಷ್ಯರಲ್ಲಿ ಅಗ್ರಗಣ್ಯನಾದ ಸಿದ್ದಯ್ಯ ಮುಸಲ್ಮಾನ ಕುಲದವನು. ಮೂರು ದಿಕ್ಕುಗಳಲ್ಲಿ ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದಲ್ಲಿ, ಮನೆಯೊಳಗೊಂದು ಸಂತೆಯಲ್ಲೊಂದು ಎಂಬಂತೆ ಎರಡು ನುಡಿಗಳೂ ಬಳಕೆಯಲ್ಲಿರುವ ಊರುಗಳಲ್ಲಿ, ಅನಿರೀಕ್ಷಿತವಾದುದೇನಾದರೂ ಸಂಭವಿಸಿದರೆ ‘ಬ್ರಹ್ಮಂಗಾರು ಚೆಪ್ಪಿನಟ್ಲೇ ಜರಿಗಿಂದಿ’, ಅಂದರೆ ವೀರಬ್ರಹ್ಮೇಂದ್ರರು ಹೇಳಿದಂತೆಯೇ ನಡೆಯಿತು, ಎಂದು ಹೇಳುವುದು ನಿಟ್ಟುಸಿರಿನಷ್ಟೇ ಸಹಜವಾದ ಮಾತು. ಎತ್ತಿಲ್ಲದೆ ಬಂಡಿಗಳು ಓಡುವುವು, ನೀರಿನಿಂದ ದೀಪಗಳು ಉರಿಯುವುವು ಎಂಬ ಅರ್ಥದ ಮಾತುಗಳು ಬ್ರಹ್ಮಂಗಾರಿಯ ಹೆಸರಿನಲ್ಲಿ ಪ್ರಚಲಿತವಾಗಿರುವವುಗಳಲ್ಲಿ ಅತಿ ಪ್ರಸಿದ್ಧವಾದವು.

ಕನ್ನಡದಲ್ಲಿಯೂ ಈ ಪರಂಪರೆ ಎರವಲಿನದಲ್ಲ. ಬಳೆಮಾರುವ ವೃತ್ತಿಯಿಂದ ಯೋಗಮಾರ್ಗಕ್ಕೆ ತಿರುಗಿದ ಕೈವಾರದ ನಾರಾಯಣ ಯತೀಂದ್ರರು, ಸಂಪ್ರದಾಯದ ಲೆಕ್ಕದಂತೆ 1726ರಿಂದ 1836ರ ವರೆಗೆ ಬಾಳಿ, ತೆಲುಗು ಕನ್ನಡಗಳೆರಡರಲ್ಲಿಯೂ ಕೃತಿಗಳನ್ನು ರಚಿಸಿದರು. ಅವರ ಕಾಲಜ್ಞಾನ ಈ ಪೂರ್ವಸೀಮೆಯ ಮನೆಮಾತು. ಉತ್ತರದಲ್ಲಿ ಹದಿನಾರನೆಯ ಶತಮಾನದ ಕೊಡೇಕಲ್ಲು ಬಸವಣ್ಣನವರ ಪರಂಪರೆಯು ತನ್ನ ಕಾಲಜ್ಞಾನವನ್ನು ಅಮರಗನ್ನಡವೆಂಬ ಬೇರೊಂದು ಲಿಪಿಯಲ್ಲಿ ಕಾಪಾಡಿಕೊಂಡು ಬಂದಿತು. ಸರ್ವಜ್ಞನ ಹೆಸರಿನಲ್ಲಿ ಒಂದು ಕಾಲಜ್ಞಾನವುಂಟು, ವಿದ್ಯಾರಣ್ಯರ ಹೆಸರಿನಲ್ಲಿ ಮತ್ತೊಂದುಂಟು. ವೀರಶೈವ ಕಾಲಜ್ಞಾನಗಳಲ್ಲಿ ಪುನಃ ಪುನಃ ಬರುವ ಆಶೆಯೊಂದಿದೆ: ವೀರ ವಸಂತರಾಯನೆಂಬ ಅರಸನು ಬರುತ್ತಾನೆ, ಹಾಳಾದ ಕಲ್ಯಾಣವು ಮರಳಿ ಕಲ್ಯಾಣವಾಗುತ್ತದೆ ಎಂಬುದು. ಹೂವಿನಹಡಗಲಿಯ ಮೈಲಾರದಲ್ಲಿ ಭರತಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಮಂದಿ ನೆರೆದಿರುವಾಗ, ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ಅಷ್ಟು ಜನಸಾಗರವನ್ನೂ ಮೌನವಾಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ವಾಕ್ಯವೇ ಕಾರಣಿಕ. ಅದು ಮಳೆಯ ಮಾತೋ, ಬೆಳೆಯ ಮಾತೋ, ರಾಜ್ಯವಾಳುವವರ ಮಾತೋ ಎಂಬುದನ್ನು ಅವನು ಹೇಳುವುದಿಲ್ಲ. ಜನರೇ ವರ್ಷವಿಡೀ ಅದನ್ನು ಮಥಿಸಿ ಅರ್ಥವನ್ನು ತೆಗೆಯುತ್ತಾರೆ. ಇವೆಲ್ಲವುಗಳ ಕೆಳಗೆ, ಯಾವ ಗ್ರಂಥಕ್ಕೂ ಸೇರದ ನಿತ್ಯದ ಭವಿಷ್ಯಜಿಜ್ಞಾಸೆಯೊಂದಿದೆ. ಯುಗಾದಿಯ ದಿನ ದೇವಸ್ಥಾನದ ಜಗಲಿಯಲ್ಲಿ ಪಂಚಾಂಗ ಶ್ರವಣ. ಈ ಸಂವತ್ಸರಕ್ಕೆ ಮಳೆ ಎಷ್ಟು ಕೊಳಗ, ಸಸ್ಯಾಧಿಪತಿ ಯಾರು, ಆದಾಯವೆಷ್ಟು ವ್ಯಯವೆಷ್ಟು ಎಂದು ಶಾನುಭೋಗರೂ ಬೇಸಾಯಗಾರರೂ ಒಟ್ಟಿಗೆ ಕುಳಿತು ಕೇಳುತ್ತಿದ್ದುದು. ದೇವರ ಮುಂದೆ ಹೂವಿನ ಪ್ರಸಾದವನ್ನು ಬೇಡಿ, ಬಲಕ್ಕೆ ಬಿದ್ದರೆ ಕೊಳವೆಬಾವಿ ಕೊರೆಯಿಸುವುದು, ಎಡಕ್ಕೆ ಬಿದ್ದರೆ ತಡೆಯುವುದು. ಮಿಡಿಗೇಶಿಯಂಥ ಬಯಲುಸೀಮೆಯಲ್ಲಿ ಈ ಪ್ರಶ್ನೆಗಳು ಕುತೂಹಲದಿಂದ ಹುಟ್ಟಿದವಲ್ಲ. ಒಂದು ಹದಮಳೆಯು ತಪ್ಪಿದರೆ ಒಂದು ಸಂಸಾರವೇ ಊರು ಬಿಡಬೇಕಾಗುತ್ತಿದ್ದ ಕಡೆ, ನಾಳೆ ಏನಾಗುವುದೆಂದು ಕೇಳದೆ ಬದುಕುವುದು ಯಾರಿಗೂ ಸಾಧ್ಯವಿರಲಿಲ್ಲ.

ಕಾಲಜ್ಞಾನವು ಈ ಸೀಮೆಯಲ್ಲಿ ಇಷ್ಟು ದೃಢವಾಗಿ ಬೇರೂರಿದ್ದಕ್ಕೆ ಚರಿತ್ರೆಯು ಕೊಡುವ ಕಾರಣ ಸ್ಪಷ್ಟವಾಗಿದೆ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾಗಿ ವಿಜಯನಗರವು ಹಾಳಾದ ಮೇಲೆ, ಇಲ್ಲಿನ ಬೆಟ್ಟಬೆಟ್ಟಕ್ಕೂ ಒಬ್ಬ ಪಾಳೆಯಗಾರನು ಕೋಟೆ ಕಟ್ಟಿ ನಿಂತನು. ಶಿರಾ ಪಟ್ಟಣವೊಂದರ ಕಥೆಯನ್ನೇ ನೋಡಬಹುದು. ರಂಗಪ್ಪನಾಯಕನು ಕೋಟೆಗೆ ಅಸ್ತಿಭಾರ ಹಾಕಿದ ಆ ಊರನ್ನು 1638ರಲ್ಲಿ ಬಿಜಾಪುರದ ರಣದುಲ್ಲಾಖಾನನು ವಶಪಡಿಸಿಕೊಂಡನು. 1687ರಲ್ಲಿ ಅದು ಔರಂಗಜೇಬನ ಸುಬಾಕ್ಕೆ ರಾಜಧಾನಿಯಾಯಿತು. 1757ರಲ್ಲಿ ಮರಾಠರ ಪಾಲಾಗಿ, ಎರಡು ವರ್ಷಗಳಲ್ಲಿ ಮತ್ತೆ ಮೊಗಲರಿಗೆ ಸೇರಿ, 1761ರಲ್ಲಿ ಹೈದರಲಿಯ ಕೈಗೆ ಬಿದ್ದು, 1766ರಲ್ಲಿ ಪುನಃ ಮರಾಠರಿಗೆ ಹೋಗಿ, 1774ರಲ್ಲಿ ಟಿಪ್ಪುವಿನ ಮೂಲಕ ಮೈಸೂರಿಗೆ ಮರಳಿತು. ಮಧುಗಿರಿಯ ಗೌಡರನ್ನು ಚಿಕ್ಕದೇವರಾಜ ಒಡೆಯರ ಸೈನ್ಯವು 1678ರಲ್ಲಿ ಜಯಿಸಿದ ಮೇಲೆ ಆ ಏಕಶಿಲೆಯ ಬೆಟ್ಟವೂ ಹಲವು ಧ್ವಜಗಳನ್ನು ಕಂಡಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಅಲ್ಲಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಅದರ ನೆತ್ತಿಯ ಮೇಲೆ. ಅಜ್ಜನು ಕಂದಾಯ ತೆತ್ತ ಅರಸು ತಂದೆಯ ಕಾಲಕ್ಕಿಲ್ಲ, ತಂದೆಯ ಕಾಲದ ಅರಸು ಮಗನ ಕಾಲಕ್ಕಿಲ್ಲ ಎಂಬ ಸ್ಥಿತಿಯಲ್ಲಿ ಬದುಕಿದ ಜನಕ್ಕೆ, ಈ ಪಲ್ಲಟಗಳೆಲ್ಲವೂ ಯಾರದೋ ಅರಿವಿನೊಳಗೆ ಮೊದಲೇ ಇದ್ದುವೆಂಬ, ಕಡೆಗೊಬ್ಬ ವಸಂತರಾಯನು ಬರುವನೆಂಬ ಮಾತು ಎಷ್ಟು ದೊಡ್ಡ ಆಧಾರವಾಗಿದ್ದಿರಬೇಕು! ಕಾಲಜ್ಞಾನವನ್ನು ಮೂಢನಂಬಿಕೆಯೆಂಬ ಒಂದೇ ಶಬ್ದದಿಂದ ತಳ್ಳಿಹಾಕುವ ವಿದ್ಯಾವಂತರು ಈ ದುಃಖದ ಪ್ರಮಾಣವನ್ನು ಗಮನಿಸುವುದಿಲ್ಲವೆಂಬುದು ನನ್ನ ಆಕ್ಷೇಪ.

ರಾಜರ ಉಪದ್ರವವು ನಿಂತ ಮೇಲೆ ಬಂದದ್ದು ಧಾತು-ಈಶ್ವರ ಸಂವತ್ಸರಗಳ ಕ್ಷಾಮ. 1871ರ ಖಾನೆಷುಮಾರಿಯಲ್ಲಿ 50,55,412 ಮಂದಿಯಿದ್ದ ಮೈಸೂರು ದೇಶದಲ್ಲಿ 1881ರ ವೇಳೆಗೆ ಉಳಿದಿದ್ದವರು 41,86,188. ಆ ಹತ್ತು ವರ್ಷಗಳಲ್ಲಿ ಹುಟ್ಟಿ ಬೆಳೆಯಬೇಕಾಗಿದ್ದ ಸಂತತಿಯನ್ನು ಈ ಲೆಕ್ಕಕ್ಕೆ ಸೇರಿಸಿದರೆ ನಷ್ಟವು ಇನ್ನೂ ಭಯಂಕರವಾಗುತ್ತದೆ. ದನಕರುಗಳ ಅಳಿವಿಗಂತೂ ಮಿತಿಯಿರಲಿಲ್ಲ. ಅಂಥ ಕ್ಷಾಮ ಕಳೆದು ಕೆಲವೇ ವರ್ಷಗಳಾಗಿರುವಾಗ, 1884ರಲ್ಲಿ, ಬೆಂಗಳೂರಿನಿಂದ ತುಮಕೂರಿಗೂ ಗುಬ್ಬಿಗೂ ರೈಲುಬಂಡಿ ಓಡಿತು. ಎತ್ತುಗಳನ್ನು ಕಳೆದುಕೊಂಡ ಜನರ ಕಣ್ಣಮುಂದೆ ಎತ್ತಿಲ್ಲದ ಬಂಡಿ! 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿದಾಗ ನೀರಿನಿಂದ ದೀಪವುರಿಯುವ ಮಾತೂ ಕೈಗೂಡಿದಂತಾಯಿತು. ಗೂಡೆಯಲ್ಲಿ ಕಾಲಜ್ಞಾನದ ಪುಸ್ತಿಕೆಗಳನ್ನು ಹೊತ್ತು ಜಾತ್ರೆಗಳಲ್ಲಿ ಮಾರುವವರು ಬಂದರು; ತತ್ತ್ವಪದ ಹಾಡುವವರು ತಂಬೂರಿಯೊಡನೆ ಅದನ್ನು ಊರೂರಿಗೆ ಒಯ್ದರು; 1984ರಲ್ಲಿ ಆಂಧ್ರದ ಎನ್.ಟಿ. ರಾಮರಾಯರು ತಾವೇ ನಿರ್ದೇಶಿಸಿ, ಬ್ರಹ್ಮಂಗಾರಿಯ ಪಾತ್ರವನ್ನು ತಾವೇ ಧರಿಸಿ ತೆಗೆದ ಚಲನಚಿತ್ರವು ಗಡಿಯ ಎರಡೂ ಪಕ್ಕದ ಜನರ ಮನಸ್ಸಿನಲ್ಲಿ ಆ ಮಾತುಗಳಿಗೆ ಮುಖವನ್ನೂ ಧ್ವನಿಯನ್ನೂ ಕೊಟ್ಟಿತು.

ಇಲ್ಲಿ ಚರಿತ್ರಕಾರನು ನಿಂತು ಒಂದು ಪ್ರಶ್ನೆಯನ್ನು ಕೇಳಲೇಬೇಕು. ರೈಲು ಬರುವುದಕ್ಕೆ ಮುಂಚೆ ‘ಎತ್ತಿಲ್ಲದ ಬಂಡಿ’ ಎಂಬ ಮಾತನ್ನು ಕೇಳಿದ ಯಾವನಾದರೂ ಹಬೆಯ ಯಂತ್ರವನ್ನು ಊಹಿಸಿದನೆ? ಇಲ್ಲ. ಮಾತು ಮೊದಲು, ವಸ್ತು ಆಮೇಲೆ, ಅವೆರಡರ ಕೂಡಿಕೆ ಎಲ್ಲಕ್ಕಿಂತ ಆಮೇಲೆ. ಆ ಕೂಡಿಕೆಯನ್ನು ಮಾಡಿದವರು ಕೇಳುಗರು. ಎಷ್ಟೋ ವೇಳೆ ಮಾತೇ ವಸ್ತುವಿನ ಅನಂತರ ಹುಟ್ಟಿ ಹಿಂದಕ್ಕೆ ಹೋಗಿ ಕುಳಿತುಕೊಳ್ಳುವುದೂ ಉಂಟು. ಇದಕ್ಕೆ ನಮ್ಮಲ್ಲಿ ಅತ್ಯುತ್ತಮ ದೃಷ್ಟಾಂತ ಭವಿಷ್ಯಪುರಾಣ. 1897ರಲ್ಲಿ ಮುಂಬಯಿಯ ವೆಂಕಟೇಶ್ವರ ಮುದ್ರಣಾಲಯದಿಂದ ಹೊರಬಂದ ಅದರ ಪ್ರತಿಸರ್ಗಪರ್ವದಲ್ಲಿ ಮೊಗಲ ಬಾದಷಹರೂ ಆಂಗ್ಲರೂ ಕಲ್ಕತ್ತೆಯೂ ಭವಿಷ್ಯತ್ಕಾಲದಲ್ಲಿ ಬರುತ್ತವೆ; ಭಾನುವಾರಕ್ಕೆ ಸಂಡೆಯೆಂದೂ ಫಾಲ್ಗುಣಕ್ಕೆ ಫೆಬ್ರವರಿಯೆಂದೂ ಮ್ಲೇಚ್ಛಭಾಷೆಯಲ್ಲಿ ಹೇಳುವರೆಂಬ ಮಾತು ಕೂಡ ಅದರಲ್ಲಿದೆ. ಇಂಗ್ಲಿಷರ ಆಳಿಕೆಯನ್ನು ಕಣ್ಣಾರೆ ಕಂಡವರೊಬ್ಬರ ಹಸ್ತವು ಅದರಲ್ಲಿ ಇದೆಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಇಂಥ ಗ್ರಂಥಗಳನ್ನು ಅಳೆಯುವ ಒಂದು ಹಳೆಯ ರೀತಿಯಿದೆ. ಭವಿಷ್ಯವು ಎಲ್ಲಿಯವರೆಗೆ ಹೆಸರು ಇಸವಿಗಳೊಡನೆ ಕರಾರುವಾಕ್ಕಾಗಿರುತ್ತದೋ ಅಲ್ಲಿಯವರೆಗೆ ಅದು ಚರಿತ್ರೆ. ಎಲ್ಲಿಂದ ಅದು ಮಸುಕಾಗಿ, ಮಹಾಯುದ್ಧ ಧರ್ಮಸ್ಥಾಪನೆಗಳ ಸಾಮಾನ್ಯ ವರ್ಣನೆಗೆ ಇಳಿಯುತ್ತದೋ, ಅದು ಗ್ರಂಥವು ಹುಟ್ಟಿದ ಕಾಲ. ಮೂರನೆಯ ಶತಮಾನದಲ್ಲಿ ಪಾರ್ಫಿರಿಯೆಂಬ ತತ್ತ್ವಜ್ಞಾನಿಯು ಯೆಹೂದ್ಯರ ದಾನಿಯೇಲನ ಗ್ರಂಥವನ್ನು ಹೀಗೆಯೇ ಪರೀಕ್ಷಿಸಿ, ಅದು ಬಾಬಿಲೋನಿನ ಕಾಲದ್ದಲ್ಲ, ಕ್ರಿಸ್ತಪೂರ್ವ ಎರಡನೆಯ ಶತಮಾನದ ಆಂಟಿಯೋಕಸನ ಕಾಲದ್ದೆಂದು ವಾದಿಸಿದನು. ವಿಜಯನಗರದ ಅರಸರನ್ನು ಅನುಕ್ರಮವಾಗಿ ಹೇಳುವ ವಿದ್ಯಾರಣ್ಯ ಕಾಲಜ್ಞಾನಕ್ಕೂ ಇದೇ ಒರೆಗಲ್ಲು ಸಲ್ಲುತ್ತದೆ. ಇದರಿಂದ ಆ ಗ್ರಂಥಗಳ ಬೆಲೆ ಕುಗ್ಗುವುದೆಂದು ಭಾವಿಸಬೇಕಾಗಿಲ್ಲ. ಭವಿಷ್ಯವೆಂದು ಓದಿದರೆ ಅವು ಸುಳ್ಳಾಗಬಹುದು. ಅವು ಹುಟ್ಟಿದ ಕಾಲದ ಭಯಾಶೆಗಳ ದಾಖಲೆಯೆಂದು ಓದಿದರೆ ಅವುಗಳಷ್ಟು ಸತ್ಯವಾದುವು ವಿರಳ.

ಈಗ ಯಂತ್ರಬುದ್ಧಿಯ ವಿಷಯಕ್ಕೆ ಬರೋಣ. ಕ್ರೈಸ್ತರಲ್ಲಿ ಕೆಲವರು ಪ್ರಕಟನೆಯ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಮೃಗದ ಪ್ರತಿಮೆಗೆ ಉಸಿರು ಬಂದು ಅದು ಮಾತಾಡುವ ಪ್ರಸಂಗವನ್ನು ತೋರಿಸುತ್ತಾರೆ. ಅಂತ್ಯಕಾಲದಲ್ಲಿ ಮನುಷ್ಯನೊಡನೆ ಅವನ ಚಾವಟಿಯ ತುದಿಯೂ ಪಾದರಕ್ಷೆಯ ಪಟ್ಟಿಯೂ ಮಾತಾಡುವುವೆಂಬ ಅರ್ಥದ ಹದೀಸೊಂದನ್ನು ಮುಸಲ್ಮಾನರಲ್ಲಿ ಕೆಲವರು ನೆನೆಯುತ್ತಾರೆ. ಯೆಹೂದ್ಯರಲ್ಲಿ, ಮಣ್ಣಿನ ಬೊಂಬೆಗೆ ಮಂತ್ರಾಕ್ಷರದಿಂದ ಜೀವ ತುಂಬಿದ ಗೋಲೆಮ್ಮಿನ ಕಥೆಯಿದೆ. 1965ರಲ್ಲಿ ಇಸ್ರೇಲಿನ ರೆಹೊವೊತ್ ಪಟ್ಟಣದ ವೈಜ್‌ಮನ್ ಸಂಸ್ಥೆಯವರು ತಮ್ಮ ಹೊಸ ಗಣಕಕ್ಕೆ ಆ ಹೆಸರನ್ನೇ ಇಟ್ಟಾಗ, ಗೂಢವಿದ್ಯೆಗಳ ಮಹಾಪಂಡಿತ ಗೆರ್ಶೋಮ್ ಶೋಲೆಮರು ಬಂದು ಹರಸಿ ಮಾತಾಡಿದರು. ನಮ್ಮವರು ಕಲಿಪುರುಷನನ್ನೂ ಕಲ್ಕಿಯನ್ನೂ ಹೆಸರಿಸುತ್ತಾರೆ. ಆದರೆ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಜನಿಗೆ ಹೇಳುವ ಕಲಿವರ್ಣನೆಯನ್ನಾಗಲಿ ಭಾಗವತದ ದ್ವಾದಶಸ್ಕಂಧವನ್ನಾಗಲಿ ತೆರೆದು ನೋಡಿದರೆ ಅಲ್ಲಿ ಯಂತ್ರದ ಸುಳಿವಿಲ್ಲ: ಮಳೆ ಕಾಲಕ್ಕೆ ಬಾರದಿರುವುದು, ಅರಸರು ಪ್ರಜೆಗಳನ್ನು ಸುಲಿಯುವುದು, ಧನವೊಂದೇ ಕುಲಕ್ಕೂ ಗುಣಕ್ಕೂ ಪ್ರಮಾಣವಾಗುವುದು, ಆಯುಸ್ಸು ಕುಗ್ಗುವುದು, ಇವೇ ಅಲ್ಲಿರುವುವು. ಅದಕ್ಕೆ ಪ್ರತಿಯಾಗಿ, ನಮ್ಮ ಪ್ರಾಚೀನರು ಮಾತಾಡುವ ಮತ್ತು ನಡೆಯುವ ಯಂತ್ರಗಳನ್ನು ಕಲ್ಪಿಸಿದ ಎಡೆಗಳು ಬೇರೆ ಇವೆ. ಅಲ್ಲಿ ಅವರು ಭವಿಷ್ಯವನ್ನು ಹೇಳುತ್ತಲೇ ಇಲ್ಲ. ಹನ್ನೊಂದನೆಯ ಶತಮಾನದ ಭೋಜರಾಜನ ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯದಲ್ಲಿ ಬಾಗಿಲು ಕಾಯುವ ಮರದ ಭಟರು ಶಿಲ್ಪಶಾಸ್ತ್ರದ ವಿಷಯವಾಗಿ ಬರುತ್ತಾರೆ. ಕಥಾಸರಿತ್ಸಾಗರದ ರಾಜ್ಯಧರನೆಂಬ ಬಡಗಿಯು ಒಂದು ನಗರವನ್ನೇ ಮರದ ಜನರಿಂದ ತುಂಬಿ, ಆ ನಗರದಲ್ಲಿ ತಾನೊಬ್ಬನೇ ಜೀವಂತನಾಗಿ ಬಾಳುತ್ತಾನೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ಬತ್ತೀಸ ಪುತ್ಥಳಿಗಳು ವಿಕ್ರಮನ ಸಿಂಹಾಸನವನ್ನೇರಬಂದ ಭೋಜನನ್ನು ತಡೆದು ಪ್ರಶ್ನಿಸುತ್ತವೆ. ಇವು ಕೌಶಲದ ಕನಸುಗಳು. ಇವುಗಳನ್ನು ಭವಿಷ್ಯವಾಣಿಯೆನ್ನುವುದು ಕವಿಗೂ ಶಿಲ್ಪಿಗೂ ಮಾಡುವ ಅನ್ಯಾಯ. ಅವರು ಕಂಡದ್ದು ತಮ್ಮ ಕೈಯ ಸಾಧ್ಯತೆಯನ್ನು.

ಭವಿಷ್ಯ ಹೇಳುವ ಅಭ್ಯಾಸ ಮಠ ಗುಹೆಗಳಿಗೆ ಸೀಮಿತವಾಗಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಜಾನ್ ಮೆಕಾರ್ಥಿ ಮತ್ತು ಅವರ ಸಂಗಡಿಗರು ಕೃತಕ ಬುದ್ಧಿಮತ್ತೆಯೆಂಬ ಹೆಸರನ್ನು 1955ರಲ್ಲಿ ಬರೆದು ಮರುವರ್ಷ ಅಮೆರಿಕದ ಡಾರ್ಟ್‌ಮತ್ ವಿದ್ಯಾಲಯದಲ್ಲಿ ಗೋಷ್ಠಿ ಸೇರಿದಂದಿನಿಂದಲೂ ಈ ವಿದ್ಯೆಯು ತನ್ನದೇ ಕಾಲಜ್ಞಾನಿಗಳನ್ನು ಪಡೆದಿದೆ. ಇನ್ನು ಹತ್ತು ವರ್ಷಗಳೊಳಗೆ ಯಂತ್ರವು ಚದುರಂಗದಲ್ಲಿ ಜಗಜ್ಜೇತೃವಾಗುವುದೆಂದು 1957ರಲ್ಲಿ ಹರ್ಬರ್ಟ್ ಸೈಮನ್ ನುಡಿದರು. ಅದು ನಡೆಯಲು 1997ರ ವರೆಗೆ, ಕಾಸ್ಪರೋವರು ಡೀಪ್ ಬ್ಲೂ ಯಂತ್ರಕ್ಕೆ ಸೋಲುವವರೆಗೆ, ಕಾಯಬೇಕಾಯಿತು. ಇಪ್ಪತ್ತು ವರ್ಷಗಳಲ್ಲಿ ಮನುಷ್ಯನು ಮಾಡಬಲ್ಲ ಯಾವ ಕೆಲಸವನ್ನಾದರೂ ಯಂತ್ರವು ಮಾಡುವುದೆಂದು 1965ರಲ್ಲಿ ಅವರೇ ಹೇಳಿದ್ದು 1985ರಲ್ಲಿ ಸಂಭವಿಸಲಿಲ್ಲ. ಸೈಮನ್ನರು ಅಸಾಮಾನ್ಯ ವಿದ್ವಾಂಸರು, ಮುಂದೆ ನೊಬೆಲ್ ಪುರಸ್ಕೃತರು; ಆದರೂ ಕಾಲವನ್ನು ನಿಗದಿಪಡಿಸಿ ಹೇಳಿದ್ದರಿಂದ ಅವರ ಮಾತು ಪರೀಕ್ಷೆಗೆ ಸಿಕ್ಕಿತು. ರೇ ಕರ್ಜ್‌ವೈಲರು 2005ರ ತಮ್ಮ ಗ್ರಂಥದಲ್ಲಿ 2045ನೆಯ ಇಸವಿಯನ್ನು ಮಹಾಪರಿವರ್ತನೆಯ ಸಂಧಿಯೆಂದು ಹೇಳಿದ್ದಾರೆ. 2017ರಲ್ಲಿ ಅಮೆರಿಕದ ಒಬ್ಬ ಯಂತ್ರಶಿಲ್ಪಿಯು ಕೃತಕ ಬುದ್ಧಿಯನ್ನೇ ಆರಾಧ್ಯವಾಗಿಸುವ ಮತಸಂಸ್ಥೆಯೊಂದನ್ನು ನೋಂದಾಯಿಸಿದ ವಿಷಯ ಬೆಳಕಿಗೆ ಬಂದಿತು. 2019ರಲ್ಲಿ ಜಪಾನಿನ ಕ್ಯೋಟೊ ನಗರದ ಕೊಡೈಜಿ ದೇವಾಲಯದಲ್ಲಿ ಮಿಂಡಾರ್ ಎಂಬ ಯಂತ್ರಪ್ರತಿಮೆಯು ಹೃದಯಸೂತ್ರದ ಉಪದೇಶವನ್ನಾರಂಭಿಸಿತು. ಲೋಕವು ಒಂದು ಹೊಸ ಶಕ್ತಿಯೆದುರು ನಿಂತಾಗ ತನ್ನಲ್ಲಿರುವ ಅತ್ಯಂತ ಹಳೆಯ ಭಾಷೆಯಲ್ಲಿಯೇ ಅದನ್ನು ಕರೆಯುತ್ತದೆ.

ಈ ಯಂತ್ರದ ಒಳಗಿನ ಕ್ರಮವನ್ನು ತಿಳಿದರೆ ಹೋಲಿಕೆಯು ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. 2017ರಲ್ಲಿ ಪ್ರಕಟವಾದ ಒಂದು ನೂತನ ರಚನಾಕ್ರಮವನ್ನು ಆಧರಿಸಿದ, 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯ ರೂಪದಲ್ಲಿ ಜನಸಾಮಾನ್ಯರ ಕೈಗೆ ಬಂದ ಈ ಭಾಷಾಯಂತ್ರಗಳು, ಮನುಷ್ಯರು ಈ ಮೊದಲು ಬರೆದಿಟ್ಟ ಅಪಾರ ಬರಹವನ್ನು ಓದಿ, ಒಂದು ಪದವಾದ ಮೇಲೆ ಯಾವ ಪದ ಬರುವುದು ಸಂಭವವೆಂಬುದನ್ನು ಕೋಟಿ ಕೋಟಿ ಅಂಕಿಗಳಲ್ಲಿ ತೂಗಿ ಕಲಿತುಕೊಳ್ಳುತ್ತವೆ. ಮುಂದಿನ ಪದವನ್ನು ಹೇಳುವುದು, ಆ ಪದವನ್ನು ಸೇರಿಸಿಕೊಂಡು ಅದರ ಮುಂದಿನದನ್ನು ಹೇಳುವುದು, ಇದು ಅವುಗಳ ಮೂಲಕ್ರಿಯೆ. ಮನುಷ್ಯರು ತಿದ್ದಿ ತೀಡಿ ಒಳ್ಳೆಯ ಉತ್ತರದ ಕಡೆಗೆ ಬಾಗಿಸುವ ಶಿಕ್ಷಣವು ಅದರ ಮೇಲಿನದು. ಈ ಅರ್ಥದಲ್ಲಿ ಯಂತ್ರವೂ ಒಬ್ಬ ಭವಿಷ್ಯವಾದಿಯೇ ಸರಿ. ಆದರೆ ಅದರ ಭವಿಷ್ಯವು ಸಂಪೂರ್ಣವಾಗಿ ಭೂತದಿಂದ ನೂಲಲ್ಪಟ್ಟದ್ದು. ಹಿಂದೆ ಎಷ್ಟು ಬಾರಿ ಏನಾಯಿತೋ ಅದರ ನೇಯ್ಗೆ. ಕಾಲಜ್ಞಾನಿಯ ಮಾತು ಇದಕ್ಕೆ ನೇರ ವಿರುದ್ಧವಾದ ದಿಕ್ಕಿನಿಂದ ಬರುತ್ತದೆ. ಕಲ್ಯಾಣವು ಹಾಳಾಗಿದೆ, ಹಿಂದಿನ ಅನುಭವವೆಲ್ಲ ಅದು ಹಾಳಾಗಿಯೇ ಇರುವುದೆಂದು ಸಾರುತ್ತಿದೆ. ಆದರೂ ಅವನು ವಸಂತರಾಯನು ಬರುತ್ತಾನೆಂದು ನುಡಿಯುತ್ತಾನೆ. ಸಂಭಾವ್ಯವಾದುದನ್ನು ಅವನು ಹೇಳುವುದೇ ಇಲ್ಲ. ಆಗಲೇಬೇಕಾದುದನ್ನು ಹೇಳುತ್ತಾನೆ, ಮತ್ತು ಕೇಳುವವನು ಹಾಗೆ ಬದುಕಬೇಕೆಂದು ಒತ್ತಾಯಿಸುತ್ತಾನೆ. ಬಳೆಮಾರುವ ನಾರಾಯಣಪ್ಪನಾಗಲಿ, ದನಕಾಯುವ ಬ್ರಹ್ಮಯ್ಯನಾಗಲಿ ಕೇಳುಗನೆದುರಿಗೆ ಇಟ್ಟದ್ದು ಮುಂಬರುವ ಸಾಮಗ್ರಿಗಳ ಪಟ್ಟಿಯನ್ನಲ್ಲ. ನೀನು ಯಾವ ಕಡೆ ನಿಲ್ಲುವೆಯೆಂಬ ಪ್ರಶ್ನೆಯನ್ನು.

ಆದಕಾರಣ ಕೃತಕ ಬುದ್ಧಿಯು ಕಾಲಜ್ಞಾನವನ್ನು ನೆರವೇರಿಸಿತೆ ಎಂದು ಕೇಳಿದರೆ ಇಲ್ಲವೆಂದೇ ನಾನು ಉತ್ತರ ಕೊಡುತ್ತೇನೆ. ಮತ್ತು ಈ ಉತ್ತರವನ್ನು ಕೊಡುವಾಗ ನನ್ನ ಪಕ್ಷಪಾತ ಯಂತ್ರದ ಕಡೆಗಿಲ್ಲ, ಓಲೆಯ ಕಡೆಗಿದೆ. ಎತ್ತಿಲ್ಲದ ಬಂಡಿ ರೈಲಾಯಿತೆಂದು ಹೇಳಿ ಮುಗಿಸಿದ ಪ್ರತಿಯೊಂದು ಸಲವೂ ಆ ಮಾತಿನ ಜೊತೆಗಿದ್ದ ಧರ್ಮದ ಅಂಶವು ಕಳಚಿಬಿದ್ದಿತು. ನೆರವೇರಿದ ಮಾತಿನ ಮುಂದೆ ಮಾಡಬೇಕಾದ ಕೆಲಸವೇನೂ ಉಳಿಯುವುದಿಲ್ಲವಷ್ಟೆ. ಯಂತ್ರಬುದ್ಧಿಯು ವಿಧಿಲಿಖಿತವೆಂದು ಒಪ್ಪಿದವನು ಅದನ್ನು ಯಾರು ಕಟ್ಟಿದರು, ಯಾರ ಬರಹವನ್ನು ಕೇಳದೆ ತೆಗೆದುಕೊಂಡರು, ಅದರಿಂದ ಯಾರ ಕೆಲಸ ಹೋಗುವುದು, ಲಾಭ ಯಾರ ಮನೆ ಸೇರುವುದು ಎಂದು ವಿಚಾರಿಸುವುದಿಲ್ಲ. ಅದರ ಉತ್ತರವನ್ನು ದೈವವಾಕ್ಯದಂತೆ ನಂಬುವುದಕ್ಕೂ ಅದನ್ನು ಪ್ರಳಯದ ಕುರುಹೆಂದು ಹೆದರುವುದಕ್ಕೂ ಇದೊಂದೇ ಹಾದಿ. ಈ ಪ್ರಶ್ನೆಗಳು ಮಿಡಿಗೇಶಿಗೆ ದೂರದವಲ್ಲ. ಅಲ್ಲಿಂದ ಉತ್ತರಕ್ಕೆ, ಪಾವಗಡದ ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕ್ಷೇತ್ರವು 2019ರ ಕೊನೆಯ ವೇಳೆಗೆ ಪೂರ್ಣಗೊಂಡಿತು. ಮಳೆಯಿಲ್ಲದ ನೆಲವನ್ನು ಗೇಣಿಗೆ ಕೊಟ್ಟ ರೈತರಿಗೆ ವರ್ಷವರ್ಷವೂ ಹಣ ಬರುತ್ತದೆ. ನೆಲವಿಲ್ಲದ ಕೂಲಿಯವನಿಗೂ ಆ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಆ ಹಣದಲ್ಲಿ ಪಾಲಿಲ್ಲ. ಬಿಸಿಲನ್ನೇ ಬೆಳಕಾಗಿಸುವ ಈ ಗಾಜಿನ ಹೊಲಗಳಿಗೂ ಕಾಲಜ್ಞಾನದಲ್ಲಿ ಒಂದು ಸಾಲನ್ನು ಹುಡುಕಿಕೊಡುವುದು ಕಷ್ಟವಲ್ಲ. ಆದರೆ ಬ್ರಹ್ಮಂಗಾರು ಇದ್ದಿದ್ದರೆ ಗಾಜನ್ನು ನೋಡುತ್ತಿರಲಿಲ್ಲ, ಕುರಿಕಾಯುವವನನ್ನು ನೋಡುತ್ತಿದ್ದರೆಂದು ನಂಬುತ್ತೇನೆ. ದನ ಕಾಯ್ದ ಬದುಕು ಅವರದಾಗಿತ್ತು.

ಇನ್ನೊಂದು ವಿಷಯವನ್ನು ಹೇಳದೆ ಈ ಪ್ರಬಂಧವನ್ನು ಮುಗಿಸಲಾರೆ, ಏಕೆಂದರೆ ಯಂತ್ರಕ್ಕೂ ಕಾಲಜ್ಞಾನಕ್ಕೂ ಇರುವ ನಿಜವಾದ ಸಂಬಂಧ ನನಗೆ ಕಂಡದ್ದು ಇಲ್ಲಿ. ಭವಿಷ್ಯಪುರಾಣಕ್ಕೆ ಒಂದು ಪರ್ವವನ್ನು ಸೇರಿಸಲು ಸಂಸ್ಕೃತ ಬಲ್ಲ ಪಂಡಿತನೊಬ್ಬನ ದೀರ್ಘಶ್ರಮವು ಬೇಕಾಗಿತ್ತು. ಇಂದು ಕಾಲಜ್ಞಾನದ ಧಾಟಿಯಲ್ಲಿ, ಕೈವಾರದ ನಾರಾಯಣ ಯತೀಂದ್ರರ ಅಂಕಿತವನ್ನಿಟ್ಟು, ಯಂತ್ರಬುದ್ಧಿಯ ಆಗಮನವನ್ನೇ ಸಾರುವ ನೂರು ಪದ್ಯಗಳನ್ನು ಬೇಕೆಂದರೆ ಭಾಷಾಯಂತ್ರವು ಕ್ಷಣಮಾತ್ರದಲ್ಲಿ ಕಟ್ಟಿಕೊಡಬಲ್ಲುದು. ಅವು ಮೂಲದಂತೆಯೇ ಕೇಳಿಸಬಹುದು. ಒಬ್ಬರಿಂದೊಬ್ಬರಿಗೆ ಹರಡಿ, ಅಚ್ಚಾಗಿ, ಮುಂದಿನ ಯಂತ್ರದ ಓದಿನೊಳಕ್ಕೂ ಹೋಗಿ, ಪುರಾತನವೆಂಬ ಮುದ್ರೆಯನ್ನು ಪಡೆಯಬಹುದು. ಭವಿಷ್ಯವು ಎಲ್ಲಿಯವರೆಗೆ ಖಚಿತವೋ ಅಲ್ಲಿಗೆ ಗ್ರಂಥದ ಕಾಲವೆಂಬ ಒರೆಗಲ್ಲನ್ನು ಉಪಯೋಗಿಸಬೇಕಾದರೆ ಕೈಯಲ್ಲಿ ಕಾಲ ಗೊತ್ತಿರುವ ಹಳೆಯ ಪ್ರತಿಯಾದರೂ ಒಂದಿರಬೇಕು. ನಮ್ಮ ಸೀಮೆಯಲ್ಲಿ ಅಂಥ ಪ್ರತಿಗಳು ಅಚ್ಚಾದ ಪುಸ್ತಿಕೆಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಆಚಾರಿಗಳ ಮನೆಯ ಅಟ್ಟದ ತಾಳೆಗರಿಯಲ್ಲಿ, ತತ್ತ್ವಪದ ಹಾಡುವ ಭಜನೆಯ ತಂಡಗಳ ಕೈಬರಹದ ನೋಟುಪುಸ್ತಕಗಳಲ್ಲಿ, ತೆಲುಗಿನ ಮಾತನ್ನು ಕನ್ನಡದ ಅಕ್ಷರದಲ್ಲಿ ಬರೆದುಕೊಂಡ ಗಡಿನಾಡಿನ ಕಡತಗಳಲ್ಲಿ ಇರುವುದು ಸಂಭವ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕರ್ನಲ್ ಮೆಕೆಂಜಿಯು ತನ್ನ ಸಹಾಯಕರನ್ನು ಊರೂರಿಗೆ ಕಳುಹಿಸಿ ಕೈಫಿಯತ್ತುಗಳ ಸಂಗಡ ಕಾಲಜ್ಞಾನಗಳನ್ನೂ ಸಂಗ್ರಹಿಸಿದನು. ರೈಲು ಬರುವುದಕ್ಕೆ ಮುಂಚಿನ ಮಾತು ಯಾವುದು, ಬಂದ ಮೇಲಿನದು ಯಾವುದು ಎಂಬುದನ್ನು ನಿರ್ಣಯಿಸಲು ಅಂಥ ಸಂಗ್ರಹಕ್ಕಿಂತ ಮೇಲಾದ ಆಧಾರವಿಲ್ಲ. ಆ ಕೆಲಸವನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಈಗ ಇನ್ನೊಮ್ಮೆ ಮಾಡಬೇಕಾಗಿದೆ: ಓಲೆ ಯಾರ ಮನೆಯದು, ಪದ ಯಾವ ಊರಿನವರ ಬಾಯಿಂದ ಬಂದದ್ದು, ಅವರಿಗೆ ಕಲಿಸಿದವರು ಯಾರು, ಬರೆದುಕೊಂಡ ದಿನ ಯಾವುದು ಎಂಬುದನ್ನು ಒಂದೊಂದರ ಪಕ್ಕದಲ್ಲಿಯೂ ನಮೂದಿಸಿ, ಪಾಠಾಂತರಗಳನ್ನು ತಿದ್ದದೆ, ಎರಡು ನುಡಿಗಳಲ್ಲಿಯೂ ಇದ್ದುದಿದ್ದಂತೆಯೇ.